ಎರಡು ಹೊಳೆಗಳ ನಡುವಣ ಹಳಿ

ಯರಗೇರಾ ನಮ್ಮೂರು, ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಹಾದಿಯಲ್ಲಿದೆ. ಅಲ್ಲಿ ರೈಲು ನಿಲ್ಲುವುದಿಲ್ಲ. ಆದರೂ ನಮ್ಮ ಹೊಲಗಳಲ್ಲಿ ಜೋಳವೆಷ್ಟು, ಹತ್ತಿಯೆಷ್ಟು ಎಂಬ ಲೆಕ್ಕದಲ್ಲಿ ರೈಲಿನ ಕೈವಾಡವೂ ಇತ್ತೆಂದರೆ ವಾಚಕರು ನಂಬಬೇಕು.

ರಾಯಚೂರು ದೋಆಬವನ್ನು 1853ರಲ್ಲಿ ಇಂಗ್ಲಿಷರಿಗೆ ಒಪ್ಪಿಸಿದ್ದ ನಿಜಾಮರು 1860ರಲ್ಲಿ ಅದನ್ನು ಮರಳಿ ಪಡೆದರು. ನೆಲ ನಿಜಾಮರದು, ಹಳಿ ಮಾತ್ರ ಇಂಗ್ಲಿಷ್ ಕಂಪನಿಗಳದು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕೃಷ್ಣೆಯನ್ನು ದಾಟಿ ಬಂದಿತು. ಮದ್ರಾಸ್ ರೈಲ್ವೆ ತುಂಗಭದ್ರೆಯನ್ನು ದಾಟಿ ಬಂದಿತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿಕೊಂಡವು. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅಷ್ಟರಲ್ಲಿ ಮುಗಿದೇ ಹೋಗಿತ್ತು!

ಎರಡು ಕಂಪನಿಗಳಾದರೂ ಹಳಿಗಳ ಅಗಲ ಒಂದೇ, ಐದೂವರೆ ಅಡಿ. ಗುಂತಕಲ್ಲಿನಲ್ಲಿ ಮೀಟರ್ ಗೇಜಿನ ಮಾಲನ್ನು ಇಳಿಸಿ ಮತ್ತೊಂದು ಡಬ್ಬಿಗೆ ತುಂಬಬೇಕಾಗುತ್ತಿತ್ತು. ರಾಯಚೂರಿಗೆ ಆ ಪೀಡೆ ಇರಲಿಲ್ಲ. ಇನ್ನು ಹತ್ತಿಯ ಸ್ವಭಾವವನ್ನು ನೋಡಿರಿ. ಬಿಡಿಸಿದ ಹತ್ತಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರಿಯ ಕಾಳು; ಉಳಿದ ಅರಳೆಯೋ ತೂಕ ಕಡಿಮೆ, ಜಾಗ ಬಹಳ. ಕಾಳಿಗೆ ಬಾಡಿಗೆ ತೆರುವ ವ್ಯಾಪಾರಿ ಯಾರು? ಆದುದರಿಂದಲೇ ಜಿನ್ನುಗಳೂ ಅರಳೆಯನ್ನು ಒತ್ತಿ ಕಟ್ಟುವ ಪ್ರೆಸ್ಸುಗಳೂ ರೈಲಿನ ಊರನ್ನೇ ಹುಡುಕಿಕೊಂಡು ಬಂದವು. ಎಣ್ಣೆಯ ಗಿರಣಿಗಳೂ ಹಿಂದೆ ಬೀಳಲಿಲ್ಲ.

ಹಳಿ ಬಂದ ಐದೇ ವರ್ಷಕ್ಕೆ, 1876ರಲ್ಲಿ, ಮಹಾಕ್ಷಾಮ ತಲೆದೋರಿತು. ಮದ್ರಾಸು ಬಂದರಿಗಿಳಿದ ಧಾನ್ಯವು ರೈಲಿನಲ್ಲಿ ಒಳನಾಡಿಗೆ ಬಂದುದು ನಿಜ. ಆದರೆ ನಿಲ್ದಾಣದಿಂದ ಹಳ್ಳಿಗೆ ಅದನ್ನು ಒಯ್ಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಹಳಿಯ ಗುಣಗಾನ ಮಾಡುವವರು ಈ ಮಾತನ್ನು ಮರೆಯುತ್ತಾರೆ.

ನನ್ನ ಮುತ್ಯಾನ ಕಾಲವೂ ನಿಜಾಮರದೇ. ಒಂದು ಸುಗ್ಗಿಯಲ್ಲಿ ಆತ ಹತ್ತಿಯ ಬಂಡಿ ಕಟ್ಟಿಕೊಂಡು ರಾತ್ರಿಯೆಲ್ಲ ನಡೆದು, ನಸುಕಿನಲ್ಲಿ ರಾಯಚೂರನ್ನು ಮುಟ್ಟಿದನಂತೆ. ಅಡತಿ ಅಂಗಡಿಯವನು ಗಾದಿಯಿಂದ ಏಳದೆಯೇ, “ಗೌಡ್ರೇ, ಮುಂಬಯಿಯಿಂದ ತಂತಿ ಬಂದದ. ಧಾರಣಿ ಇಳದದ,” ಎಂದನಂತೆ. ತಂತಿಯನ್ನು ಓದಬಲ್ಲವನು ಅವನೊಬ್ಬನೇ. ನಿಜವಾಗಿ ಇಳಿದಿತ್ತೋ ಇಲ್ಲವೋ, ಮುತ್ಯಾನಿಗೆ ತಿಳಿಯುವ ಬಗೆಯಿರಲಿಲ್ಲ. ತುಂಬಿದ ಬಂಡಿಯನ್ನು ತಿರುಗಿಸಿಕೊಂಡು ಹೋಗುವುದೂ ಆಗದ ಮಾತು. ಮನೆಯಲ್ಲಿ ಸಾಲದವರು ಕಾದಿದ್ದರು. ಅವನು ಹೇಳಿದ ಬೆಲೆಗೇ ಕೊಟ್ಟನು.

ಹಿಂದಿರುಗುವಾಗ ಅಜ್ಜಿಗೊಂದು ಗಿರಣಿ ಸೀರೆ ತಂದನು. ಆಕೆ ಸೆರಗನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ಇದು ನಮ್ಮ ಹೊಲದ್ದೇ ಇರಬೇಕು,” ಎಂದಳಂತೆ. ಮುತ್ಯಾ ಮಾತಾಡದೆ ಎತ್ತುಗಳ ಕೊರಳು ಬಿಚ್ಚಲು ಹೋದನು.