ಹಾದಿ ಬಿಡುವ ಮುನ್ನ ದಿಕ್ಕು ನೋಡಿ

2013ರ ಜುಲೈನಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ದಟ್ಟಾರಣ್ಯದಲ್ಲಿ, ಅಪಲೇಚಿಯನ್ ಕಾಲುಹಾದಿಯಿಂದ ತುಸು ಬದಿಗೆ ಸರಿದ 66 ವರ್ಷದ ಮಹಿಳೆಯೊಬ್ಬರು ಮರಳಿ ಹಾದಿಯನ್ನು ಕಾಣಲಿಲ್ಲ. ಮೂರು ವಾರಗಳಿಗೂ ಹೆಚ್ಚು ಕಾಲ ಅವರು ಜೀವಂತವಾಗಿದ್ದುದನ್ನು ಅವರ ದಿನಚರಿಯೇ ತಿಳಿಸಿತು. ಕಳೇಬರ ದೊರೆತದ್ದು 2015ರಲ್ಲಿ. ಅದೂ ಹಾದಿಯಿಂದ 3 ಕಿಲೋಮೀಟರಿನೊಳಗೆ.

ಇಂಥ ಅಡವಿಯಲ್ಲಿ ಜಿ.ಪಿ.ಎಸ್. ಒಂದನ್ನೇ ನಂಬುವಂತಿಲ್ಲ. ಮರಗಳ ದಟ್ಟಣೆಯಲ್ಲಿ ಉಪಗ್ರಹದ ಸಂಕೇತ ಕುಗ್ಗುತ್ತದೆ, ಬ್ಯಾಟರಿಯೂ ಮುಗಿಯುತ್ತದೆ. ದಿಕ್ಸೂಚಿಗೆ ಈ ಹಂಗಿಲ್ಲ. ಹಾದಿ ಬಿಡುವ ಮುನ್ನವೇ ನಾವು ಹೋಗುವ ದಿಕ್ಕನ್ನು ಅದರಲ್ಲಿ ನೋಡಿಕೊಳ್ಳಬೇಕು. 60 ಡಿಗ್ರಿಯತ್ತ ನೇರವಾಗಿ ನಡೆದಿದ್ದರೆ, 180 ಕೂಡಿಸಿ 240 ಡಿಗ್ರಿಯತ್ತ ಮರಳಬೇಕು. ಹಾದಿಯು ಉದ್ದನೆಯ ಗೆರೆಯಾದ್ದರಿಂದ ತುಸು ಆಚೀಚೆಯಾದರೂ ಅದನ್ನು ಸೇರುತ್ತೇವೆ.

ಮಕ್ಕಳು ಚಾರಣಕ್ಕೆ ಹೊರಡುವ ಮುನ್ನ ಈ ಲೆಕ್ಕವನ್ನು ಮನೆಯಂಗಳದಲ್ಲೇ ಕಲಿಸೋಣ.