ನೀರಿನ ಯಂತ್ರ ಇಡುವ ಮೊದಲು ಒಂದು ಲೆಕ್ಕ



ಅಂದೋಲಾ ಮತ್ತು ಸುತ್ತಲಿನ ಹಳ್ಳಿಗಳಿಂದ ನಮಗೆ ಎರಡು ಬಗೆಯ ಬೇಡಿಕೆ ಬರುತ್ತಿವೆ. ದಾನಿಗಳು, ತೀರಿಹೋದ ತಾಯಿಯ ಹೆಸರಿನಲ್ಲಿ ಊರಿಗೊಂದು ಫಿಲ್ಟರ್ ನೀರಿನ ಯಂತ್ರ ಇಡಿಸುತ್ತೇವೆ ಎನ್ನುತ್ತಾರೆ. ಕೆಲವು ಕುಟುಂಬದವರು, ಅದೇ ಯಂತ್ರಕ್ಕೆ ಬಡ್ಡಿಯಿಲ್ಲದ ಸಾಲ ಕೊಡಿ, ಮಗ ನಡೆಸುತ್ತಾನೆ ಎಂದು ಕೇಳುತ್ತಾರೆ. ಎರಡಕ್ಕೂ ಹೂಂ ಎನ್ನುವ ಮೊದಲು ಈ ಕೆಲಸದ ಒಳಹೊರಗನ್ನು ನಿಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ನೀರು ಕೊಡುವುದರ ಪುಣ್ಯ ನಮಗೆಲ್ಲ ಗೊತ್ತು. ಮದೀನಾದಲ್ಲಿ ರೂಮಾ ಎಂಬ ಬಾವಿಯ ನೀರನ್ನು ಒಡೆಯನು ಮಾರುತ್ತಿದ್ದಾಗ, ಹಜರತ್ ಉಸ್ಮಾನ್ (ರ.) ಅವರು ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಆ ಬಾವಿಗೆ ಹಗ್ಗ, ಬಕೆಟ್ಟು ಇದ್ದರೆ ಸಾಕಿತ್ತು. ಇಂದಿನ ಯಂತ್ರಕ್ಕೆ ದಿನವೂ ಖರ್ಚಿದೆ. ಅದನ್ನು ಮರೆತಲ್ಲಿ ಯಂತ್ರ ನಿಲ್ಲುತ್ತದೆ.

ನಮ್ಮ ಕಲಬುರಗಿ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರು ಸವಳು. ಕೆಲವು ಕಡೆ ಫ್ಲೋರೈಡ್ ಕೂಡ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರ ತನಕ ನಡೆಯುತ್ತದೆ. ಕರಗಿದ ಲವಣ, ಅಂದರೆ ಟಿಡಿಎಸ್, 500ರ ಒಳಗಿದ್ದರೆ ಒಳ್ಳೆಯದು. ಫ್ಲೋರೈಡ್ ಹೆಚ್ಚಾದ ನೀರು ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ತರುತ್ತದೆ, ಬಹಳ ವರ್ಷ ಕುಡಿದವರ ಎಲುಬಿಗೆ ಪೆಟ್ಟು ಕೊಡುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ.

ಯಂತ್ರ ಕೆಲಸ ಮಾಡುವ ಬಗೆ ಹೀಗಿದೆ. ಕೊಳವೆಬಾವಿ ನೀರು ಮೊದಲು ಮರಳು ಮತ್ತು ಇದ್ದಿಲ ಫಿಲ್ಟರ್ ದಾಟುತ್ತದೆ. ಆಮೇಲೆ ಪಂಪು ಅದನ್ನು ಆರ್‌ಓ ಮೆಂಬ್ರೇನಿನ ಮೂಲಕ ಒತ್ತಿ ನೂಕುತ್ತದೆ; ಲವಣ, ಫ್ಲೋರೈಡ್ ಬಹುಪಾಲು ಅಲ್ಲೇ ಉಳಿಯುತ್ತವೆ. ಕೊನೆಗೆ ಯುವಿ ಬೆಳಕು ರೋಗಾಣುಗಳನ್ನು ಕೊಲ್ಲುತ್ತದೆ. ಕಾಯಿನ್ ಹಾಕಿದರೆ ಅಥವಾ ಕಾರ್ಡ್ ತೋರಿಸಿದರೆ 20 ಲೀಟರ್ ಅಳತೆಯಾಗಿ ಕ್ಯಾನಿಗೆ ಬೀಳುತ್ತದೆ. ಉಳಿದ ನೀರು ಪೈಪಿನಿಂದ ಹೊರಗೆ ಹೋಗುತ್ತದೆ. ಇದು ಹಲವು ಕಡೆ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಅದರಲ್ಲಿ ಲವಣ ಮೊದಲಿಗಿಂತ ದಟ್ಟವಾಗಿರುವುದರಿಂದ ಕುಡಿಯುವ ಬಾವಿಗೆ ಸೇರಿಸಬಾರದು. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು.

ಈಗ ಲೆಕ್ಕ. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಸುತ್ತಿದ್ದ ಹಾಗೆಯೇ ಬರೆಯುತ್ತೇವೆ. ಅಂಕಿಗಳು ತಿಳಿಯಲೆಂದು ಇಟ್ಟುಕೊಂಡವು, ನಿಮ್ಮ ಊರಿನ ದರ ಹಾಕಿ ನೋಡಿ. ದಿನಕ್ಕೆ 100 ಕ್ಯಾನ್, ಕ್ಯಾನಿಗೆ 5 ರೂಪಾಯಿ ಎಂದರೆ ತಿಂಗಳಿಗೆ 15,000 ರೂಪಾಯಿ. ಗಂಟೆಗೆ 500 ಲೀಟರಿನ ಯಂತ್ರ ದಿನಕ್ಕೆ 4 ತಾಸು ಓಡಬೇಕು. ತಾಸಿಗೆ 2 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಕರೆಂಟು 1,920. ನೋಡಿಕೊಳ್ಳುವವರಿಗೆ 6,000. ಫಿಲ್ಟರ್ ಮತ್ತು ಔಷಧಿಗೆ 1,500. ಮೆಂಬ್ರೇನ್ ಮತ್ತು ಪಂಪಿಗೆಂದು ತೆಗೆದಿಡುವುದು 2,000. ನೀರಿನ ಪರೀಕ್ಷೆಗೆ 300. ಒಟ್ಟು 11,720; ಉಳಿಯುವುದು 3,280. ಸಾಲದ ಕಂತು ಇದರಲ್ಲೇ ಹೋಗಬೇಕು.

ದಿನಕ್ಕೆ 40 ಕ್ಯಾನ್ ಮಾತ್ರ ಹೋದರೆ ತಿಂಗಳಿಗೆ ಬರುವುದೇ 6,000. ಅದು ಕೆಲಸದವರ ಸಂಬಳಕ್ಕೇ ಸರಿಹೋಯಿತು. ಬೇಸಿಗೆಯಲ್ಲಿ ಸಾಲು ನಿಲ್ಲುತ್ತದೆ, ಮಳೆಗಾಲದಲ್ಲಿ ಕ್ಯಾನ್ ಕಡಿಮೆಯಾಗುತ್ತವೆ. ಆದ್ದರಿಂದ ಬೇಸಿಗೆಯ ಗಳಿಕೆ ನೋಡಿ ಸಾಲ ಮಾಡಬಾರದು.

ಸರಕಾರದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಒಂದು ಕಾಲಕ್ಕೆ 20 ಲೀಟರಿಗೆ 2 ರೂಪಾಯಿ ಇತ್ತು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಅದೇ 100 ಕ್ಯಾನಿಗೆ 2 ರೂಪಾಯಿಯಂತೆ ತಿಂಗಳಿಗೆ 6,000 ಮಾತ್ರ. ಮೇಲಿನ ಖರ್ಚನ್ನು ಬೇರೆ ಯಾರಾದರೂ ಹೊರದಿದ್ದರೆ ಮೆಂಬ್ರೇನ್ ಕೆಟ್ಟ ದಿನ ಬಾಗಿಲಿಗೆ ಬೀಗ ಬೀಳುತ್ತದೆ. ಆಗ ನೀರಿಗಾಗಿ ದೂರ ಹೋಗುವವರು ಹೆಣ್ಣುಮಕ್ಕಳೇ. ತಪ್ಪುವುದು ಅವರ ಶಾಲೆಯ ಮೊದಲ ಪಿರಿಯಡ್ಡೇ.

ಆದ್ದರಿಂದ ದಾನಿಗಳಲ್ಲಿ ನಮ್ಮ ವಿನಂತಿ: ಯಂತ್ರ ಕೊಡುವವರು ಮೂರು ವರ್ಷದ ನಿರ್ವಹಣೆಯ ಹಣವನ್ನೂ ಜೊತೆಗೆ ಕೊಡಿ. ಹೊಸ ಯಂತ್ರಕ್ಕಿಂತ ನಿಂತುಹೋದ ಹಳೆಯದನ್ನು ಪಂಚಾಯಿತಿಯ ಒಪ್ಪಿಗೆ ಪಡೆದು ಓಡಿಸುವುದು ಎಷ್ಟೋ ಕಡೆ ಅಗ್ಗ. ಇನ್ನೊಂದು ಮಾತು. ಜಕಾತ್ ಹಣ ಬಡವರ ಕೈಗೆ ಅವರದೇ ಸ್ವತ್ತಾಗಿ ಸೇರಬೇಕು ಎಂಬುದು ಹನಫೀ ಉಲಮಾಗಳ ಮತ. ಅದರಂತೆ ಊರಿಗೆಲ್ಲ ಸೇರಿದ ಯಂತ್ರಕ್ಕೆ ಜಕಾತ್ ಸಲ್ಲದು. ಸದಕಾ ಹಣ ಸಲ್ಲುತ್ತದೆ. ಜಕಾತನ್ನು ಅರ್ಹ ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೇ ಕೊಡಿ. ಯಾವ ಹಣ ಯಾವುದಕ್ಕೆ ಎಂದು ರಸೀದಿಯ ಮೇಲೆ ಬರೆಸಿ.

ಸಾಲ ಕೇಳುವ ಕುಟುಂಬದವರು ಮೊದಲು ಮೂರು ಕೆಲಸ ಮಾಡಿ ಬನ್ನಿ. ಬೋರಿನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರು ಫ್ಲೋರೈಡನ್ನೂ ರೋಗಾಣುವನ್ನೂ ತೋರಿಸುವುದಿಲ್ಲ. ಒಂದು ಕಿಲೋಮೀಟರಿನೊಳಗೆ ಬೇರೆ ಯಂತ್ರವಿದೆಯೇ, ಎಷ್ಟು ಮನೆಯವರು ಕೊಳ್ಳುತ್ತಾರೆ ಎಂದು ಮನೆ ಮನೆ ತಿರುಗಿ ಬರೆದುಕೊಳ್ಳಿ. ಪಂಚಾಯಿತಿ ಪರವಾನಗಿ ಮತ್ತು ಜೆಸ್ಕಾಂ ಮೀಟರಿನ ಬಗ್ಗೆ ವಿಚಾರಿಸಿ. ಮನೆಯಲ್ಲಿ ಓದುವ ಮಗನನ್ನು ಶಾಲೆ ಬಿಡಿಸಿ ಯಂತ್ರದ ಮುಂದೆ ಕೂರಿಸುವ ಅರ್ಜಿಯನ್ನು ಮಾತ್ರ ನಾವು ಒಪ್ಪುವುದಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಒಂದು ಸೂಚನೆ. ಪಂಪು, ಮೋಟರು, ಪ್ಯಾನಲ್ ರಿಪೇರಿ ಬಲ್ಲವರು ಹಳ್ಳಿಗಳಲ್ಲಿ ಕಡಿಮೆ. ಐಟಿಐ ಎಲೆಕ್ಟ್ರಿಷಿಯನ್, ಫಿಟ್ಟರ್ ಓದುವವರ ಅರ್ಜಿಗಳನ್ನು ಪದವಿ ಓದುವವರ ಅರ್ಜಿಯಷ್ಟೇ ಗೌರವದಿಂದ ನೋಡುತ್ತೇವೆ. ಹೆಣ್ಣುಮಕ್ಕಳೂ ಅರ್ಜಿ ಹಾಕಬೇಕು.

ನಿಮ್ಮ ದಾನ ವರ್ಷಗಟ್ಟಲೆ ಹರಿಯುವ ನೀರಾಗಲಿ, ಅಲ್ಲಾಹನು ಅದನ್ನು ಸ್ವೀಕರಿಸಲಿ. ಆಮೀನ್.