ಎರಡನೇ ಹೆದ್ದಾರಿಯ ಹಕ್ಕಿಗಳು: ಬಯಲುಸೀಮೆಯಿಂದ ಎವರೆಟ್ ದಂಡೆಗೆ

ನಮ್ಮ ಎವರೆಟ್‌ನಿಂದ ಪೂರ್ವಕ್ಕೆ ಹೊರಡುವ ಎರಡನೇ ನಂಬರಿನ ಹೆದ್ದಾರಿಯಲ್ಲಿ ನಾವೆಲ್ಲರೂ ಒಂದಲ್ಲ ಒಂದು ಸಲ ಹೋಗಿದ್ದೇವೆ. ಹೆಚ್ಚಿನವರಿಗೆ ಅದು ಲೆವೆನ್‌ವರ್ತ್‌ನ ದೀಪಾಲಂಕಾರಕ್ಕೋ ಸ್ಟೀವನ್ಸ್ ಪಾಸಿನ ಹಿಮಕ್ಕೋ ಹೋಗುವ ದಾರಿ. ನನಗೂ ಹಾಗೇ ಇತ್ತು. ಒಂದು ಏಪ್ರಿಲ್ ಮೊದಲ ವಾರದಲ್ಲಿ ಹತ್ತು ಜನರ ಗುಂಪಿನೊಂದಿಗೆ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮಾರ್ಗದರ್ಶನದಲ್ಲಿ, ಮೂರು ದಿನ ಹಕ್ಕಿ ನೋಡಲು ಹೋಗಿಬಂದ ಮೇಲೆ ಆ ದಾರಿಯ ಅರ್ಥವೇ ಬೇರೆಯಾಯಿತು. ಮೊದಲ ದಿನ ನೇರವಾಗಿ ಒಣನಾಡಿಗೆ ಹೋಗಿ, ಅಲ್ಲಿಂದ ಬೆಟ್ಟ ಹತ್ತಿ ಇಳಿದು, ಕೊನೆಗೆ ನಮ್ಮೂರಿನ ಸಮುದ್ರದಂಡೆಗೆ ಬಂದು ಮುಗಿಸಿದೆವು. ಹಾಗಾಗಿ ನಾನೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಮಳೆಯ ಲೆಕ್ಕ ಹೇಳಬೇಕು. ಎವರೆಟ್‌ನಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ. ಬೆಟ್ಟ ದಾಟಿ ಸುಮಾರು 120 ಮೈಲಿ ಹೋದರೆ ಸಿಗುವ ವೆನಾಚಿಯಲ್ಲಿ ಸುಮಾರು 230 ಮಿ.ಮೀ. ಮಾತ್ರ. ಕಾರಣ ನಮಗೆ ಹೊಸದಲ್ಲ. ಪಶ್ಚಿಮದ ಸಮುದ್ರದಿಂದ ಬರುವ ತೇವದ ಗಾಳಿ ಕ್ಯಾಸ್ಕೇಡ್ ಬೆಟ್ಟಸಾಲನ್ನು ಹತ್ತುವಾಗ ತಣ್ಣಗಾಗಿ ತನ್ನಲ್ಲಿದ್ದ ನೀರನ್ನೆಲ್ಲ ಈಚೆಗೆ ಸುರಿದುಬಿಡುತ್ತದೆ. ಆಚೆ ಇಳಿಯುವಾಗ ಬಿಸಿಯಾಗಿ ಒಣಗಿರುತ್ತದೆ. ಆಗುಂಬೆಯಲ್ಲಿ ಸುಮಾರು 7000 ಮಿ.ಮೀ. ಸುರಿಸಿದ ಮುಂಗಾರು, ಚಳ್ಳಕೆರೆಗೆ ಬರುವಷ್ಟರಲ್ಲಿ 500 ಮಿ.ಮೀ.ಯಷ್ಟನ್ನೂ ಉಳಿಸಿಕೊಂಡಿರುವುದಿಲ್ಲ, ಇದೂ ಅದೇ ಕಥೆ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಮಳೆ ಬೇಸಿಗೆ ಕಳೆದೊಡನೆ ಬರುತ್ತದೆ, ಇಲ್ಲಿ ಚಳಿಗಾಲದಲ್ಲಿ. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ನಮ್ಮ ಶಾಲಾ ಭೂಗೋಳದ ಮೂರು ಪದಗಳನ್ನು ಈ ಹೆದ್ದಾರಿಯ ಮೇಲೆ ಹಾಗೇ ಹಾಸಬಹುದು. ಹಕ್ಕಿಗಳೂ ಆ ಗೆರೆಗಳನ್ನು ಬಹಳ ಮಟ್ಟಿಗೆ ಪಾಲಿಸುತ್ತವೆ.

ಒಣನಾಡಿನಲ್ಲಿ ಕಾರಿನಿಂದ ಇಳಿದಾಗ ನನಗೆ ಮೊದಲು ತಟ್ಟಿದ್ದು ಹಕ್ಕಿಯಲ್ಲ, ವಾಸನೆ. ಬೂದುಬಣ್ಣದ ಮೊಣಕಾಲೆತ್ತರದ ಪೊದೆಯ ಎಲೆಯೊಂದನ್ನು ಮಾರ್ಗದರ್ಶಿ ಉಜ್ಜಿ ಮೂಸಲು ಕೊಟ್ಟರು. ದವನ! ತೇರಿನ ದಿನ ದೇವರ ಹಾರದಲ್ಲಿ ಬರುವ ದವನದ ಅಣ್ಣನೋ ತಮ್ಮನೋ ಎಂಬಂತಹ ವಾಸನೆ. ಆಮೇಲೆ ನೋಡಿದರೆ ನನ್ನ ಮೂಗು ಸುಳ್ಳು ಹೇಳಿರಲಿಲ್ಲ. ಸೇಜ್‌ಬ್ರಷ್ ಎಂಬ ಈ ಪೊದೆಯ ಶಾಸ್ತ್ರೀಯ ಹೆಸರು ಆರ್ಟಿಮೀಸಿಯ ಟ್ರೈಡೆಂಟೇಟ, ನಮ್ಮ ದವನ ಆರ್ಟಿಮೀಸಿಯ ಪ್ಯಾಲೆನ್ಸ್. ಎರಡೂ ಒಂದೇ ಕುಲದವು.

ಈ ಪೊದೆಯನ್ನೇ ನಂಬಿ ಬದುಕುವ ಹಕ್ಕಿಗಳಿವೆ. ಸೇಜ್ ಥ್ರ್ಯಾಷರ್ ಎಂಬುದು ಪೊದೆಯ ತುದಿಯಲ್ಲಿ ಕೂತು ನಿಮಿಷಗಟ್ಟಲೆ ಉಸಿರು ಬಿಡದೆ ಹಾಡಿತು. ಸೇಜ್‌ಬ್ರಷ್ ಗುಬ್ಬಿ ಬಾಲ ಮೇಲೆತ್ತಿಕೊಂಡು ಇಲಿಯಂತೆ ನೆಲದ ಮೇಲೆ ಓಡಿತು. ಆದರೆ ಈ ಸೀಮೆಯ ದೊಡ್ಡ ಹೆಸರು ಸೇಜ್ ಗ್ರೌಸ್ ಎಂಬ ಕಾಡುಕೋಳಿಯದು. ಚಳಿಗಾಲವಿಡೀ ಅದರ ಆಹಾರ ಈ ಎಲೆಯೇ. ವಸಂತದಲ್ಲಿ ಹುಂಜಗಳು ನಸುಕಿಗೇ ಒಂದು ಬಯಲಿಗೆ ಬಂದು, ಎದೆಯ ಗಾಳಿಚೀಲ ಉಬ್ಬಿಸಿ, ಬಾಲ ಬಿಚ್ಚಿ ಕುಣಿಯುತ್ತವೆ. ವರ್ಷ ವರ್ಷವೂ ಅದೇ ಬಯಲು. ಹೇಟೆಗಳು ಬಂದು ನೋಡಿ ಆರಿಸಿಕೊಳ್ಳುತ್ತವೆ.

ನಾವು ಅದನ್ನು ನೋಡಲಿಲ್ಲ. ಪ್ರವಾಸಕ್ಕೆ ಹಣ ಕೊಟ್ಟವರಲ್ಲಿ ಒಂದಿಬ್ಬರು ಇದಕ್ಕಾಗಿಯೇ ಬಂದಿದ್ದರು; ಸ್ವಲ್ಪ ಗೊಣಗಿದರು. ಮಾರ್ಗದರ್ಶಿ ಜಗ್ಗಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಈ ಹಕ್ಕಿ ಹಿಂದೆ ಇದ್ದ ನೆಲೆಯ ಹತ್ತರಲ್ಲೊಂದು ಭಾಗದಲ್ಲಿಯೂ ಈಗ ಇಲ್ಲ. ಉಳಿದ ಕೆಲವು ಕುಣಿತದ ಬಯಲುಗಳ ಪಕ್ಕ ನಾಲ್ಕು ಕಾರು ನಿಂತು ಬಾಗಿಲು ಬಡಿದರೆ ಆ ದಿನದ ಕೂಟ ಕೆಟ್ಟಂತೆ. 2020ರ ಸೆಪ್ಟೆಂಬರ್‌ನಲ್ಲಿ ಡಗ್ಲಸ್ ಕೌಂಟಿಯಲ್ಲಿ ಎದ್ದ ಪರ್ಲ್ ಹಿಲ್ ಬೆಂಕಿ ಎರಡು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು; ಅದರಲ್ಲಿ ಈ ಹಕ್ಕಿಯ ಮುಖ್ಯ ನೆಲೆಯೂ ಇತ್ತು. ಮರುವರ್ಷ, 2021ರಲ್ಲಿ, ರಾಜ್ಯ ಇದನ್ನು ಅಳಿವಿನಂಚಿನ ಹಕ್ಕಿ ಎಂದು ಪಟ್ಟಿಮಾಡಿತು.

ಬೆಂಕಿ ಬಿದ್ದರೆ ಮತ್ತೆ ಚಿಗುರುವುದಿಲ್ಲವೇ ಎಂದು ನಾನು ಕೇಳಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಟ್ಟರೆ ಮೊದಲ ಮಳೆಗೆ ಹಸಿರಾಗುವುದನ್ನು ನೋಡಿದವನು ನಾನು. ಸೇಜ್‌ಬ್ರಷ್ ಹಾಗಲ್ಲ. ಸುಟ್ಟ ಬುಡದಿಂದ ಅದು ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು, ಹಳೆಯ ಎತ್ತರಕ್ಕೆ ಬರಲು ದಶಕಗಳು ಬೇಕು. ಅಷ್ಟರಲ್ಲಿ ಚೀಟ್‌ಗ್ರಾಸ್ ಎಂಬ ಹೊರಗಿನಿಂದ ಬಂದ ಹುಲ್ಲು ಖಾಲಿ ಜಾಗವನ್ನು ತುಂಬುತ್ತದೆ. ಅದು ಬೇಸಿಗೆಯ ಆರಂಭದಲ್ಲೇ ಒಣಗಿ ಕಡ್ಡಿಯಾಗುವುದರಿಂದ ಮುಂದಿನ ಬೆಂಕಿಗೆ ಅದೇ ಸೌದೆ. ಬೆಂಕಿಯಿಂದ ಹುಲ್ಲು, ಹುಲ್ಲಿನಿಂದ ಬೆಂಕಿ; ನಡುವೆ ಪೊದೆಗೆ ಬೆಳೆಯಲು ಬಿಡುವೇ ಸಿಗುವುದಿಲ್ಲ.

ಇಲ್ಲಿ ನನಗೆ ಚಳ್ಳಕೆರೆಯ ಅಮೃತಮಹಲ್ ಕಾವಲು ನೆನಪಾಗದೆ ಇರಲಿಲ್ಲ. ಮೈಸೂರು ಅರಸರ ಕಾಲದಿಂದ ದನ ಮೇಯಿಸಲು ಬಿಟ್ಟಿದ್ದ, ಕೃಷ್ಣಮೃಗಗಳು ಓಡಾಡುವ ಆ ಹುಲ್ಲುಗಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಈಚಿನ ವರ್ಷಗಳಲ್ಲಿ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಮರವಿಲ್ಲದ ನೆಲವನ್ನು ಕಾಗದದಲ್ಲಿ ‘ಬೀಳು’ ಎಂದು ಬರೆದರೆ ಅದು ಎಷ್ಟು ಸುಲಭವಾಗಿ ಕೈ ಬದಲಿಸುತ್ತದೆ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಎರ್ಲಡ್ಡುಗಳು ಬದುಕಿರುವುದು ತಿಳಿದಾಗ ಪಕ್ಷಿಪ್ರಿಯರು ಹಿಗ್ಗಿದ್ದರು. ಒಂದು ಕಾಲಕ್ಕೆ ಸಲೀಂ ಅಲಿಯವರು ರಾಷ್ಟ್ರಪಕ್ಷಿಯಾಗಲಿ ಎಂದು ಸೂಚಿಸಿದ್ದ ಹಕ್ಕಿ ಅದು. ಎರ್ಲಡ್ಡಿನ ಕಷ್ಟವೂ ಸೇಜ್ ಗ್ರೌಸ್‌ನ ಕಷ್ಟವೂ ಒಂದೇ ಜಾತಿಯದು: ಎರಡಕ್ಕೂ ವಿಶಾಲವಾದ, ತೆರೆದ, ಯಾರೂ ಕೈಹಾಕದ ನೆಲ ಬೇಕು.

ನೀರಾವರಿ ಇಲ್ಲಿ ಎರಡು ಬಗೆಯ ಕೆಲಸ ಮಾಡಿದೆ. ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನೀರು 1950ರ ದಶಕದಿಂದ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸೇಜ್‌ಬ್ರಷ್ ಹೋಗಿ ಜೋಳ, ಆಲೂಗಡ್ಡೆ ಬಂದವು. ಕಾಲುವೆಯ ಜಿನುಗಿನಿಂದ ತಗ್ಗುಗಳಲ್ಲಿ ಹೊಸ ಕೆರೆ, ಜೌಗುಗಳೂ ಹುಟ್ಟಿದವು. ಒಥೆಲೊ ಊರಿನ ಬಳಿ, ಕೊಲಂಬಿಯ ರಾಷ್ಟ್ರೀಯ ವನ್ಯಜೀವಿ ತಾಣದ ಸುತ್ತಮುತ್ತ, ಕಟಾವಾದ ಜೋಳದ ಹೊಲಗಳಲ್ಲಿ ಸಾವಿರಾರು ಸ್ಯಾಂಡ್‌ಹಿಲ್ ಕ್ರೇನ್‌ಗಳು ಇಳಿದಿದ್ದವು. ಕ್ಯಾಲಿಫೋರ್ನಿಯದಲ್ಲಿ ಚಳಿಗಾಲ ಕಳೆದು ಅಲಾಸ್ಕಕ್ಕೆ ಮರಿಮಾಡಲು ಹೋಗುವಾಗ ಉದುರಿದ ಕಾಳು ತಿಂದು ಮೈ ತುಂಬಿಕೊಳ್ಳಲು ಅವು ಇಲ್ಲಿ ತಂಗುತ್ತವೆ. 1998ರಿಂದ ಆ ಊರಿನವರು ಪ್ರತಿ ವಸಂತದಲ್ಲಿ ಇವುಗಳ ಹೆಸರಿನಲ್ಲಿ ಒಂದು ಹಬ್ಬವನ್ನೇ ಮಾಡುತ್ತಾರೆ.

ನನ್ನ ಮಗಳು ಇವನ್ನು ಕಂಡು ‘ಕೊಕ್ಕರೆ’ ಎಂದಳು. ನಾವು ಉದ್ದ ಕಾಲಿನ ಎಲ್ಲವನ್ನೂ ಕೊಕ್ಕರೆ ಎಂದುಬಿಡುತ್ತೇವೆ, ಆದ್ದರಿಂದ ತಪ್ಪು ಅವಳದಲ್ಲ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ ಮರದ ಮೇಲೆ ಗೂಡು ಕಟ್ಟುತ್ತದೆ. ದೊಡ್ಡದಾದ ಮೇಲೆ ಅದಕ್ಕೆ ಹೆಚ್ಚುಕಡಿಮೆ ದನಿಯೇ ಇಲ್ಲ, ಕೊಕ್ಕು ಕಟಕಟ ಬಡಿಯುತ್ತದೆ. ಕ್ರೇನ್ ನಮ್ಮ ಕಾವ್ಯಗಳ ಕ್ರೌಂಚದ ಬಳಗ. ಅದರ ಹಿಂದಿನ ಬೆರಳು ಚಿಕ್ಕದಾಗಿ ಮೇಲಕ್ಕಿರುವುದರಿಂದ ಕೊಂಬೆ ಹಿಡಿಯಲಾಗದು. ಅದರ ಬಾಳೆಲ್ಲ ನೆಲದ ಮೇಲೆ, ಇಲ್ಲವೇ ಆಕಾಶದಲ್ಲಿ. ಶ್ವಾಸನಾಳ ಎದೆಮೂಳೆಯೊಳಗೆ ಸುರುಳಿ ಸುತ್ತಿರುವುದರಿಂದ ಕೊಂಬು ಊದಿದಂತಹ ದನಿ. ಸಂಜೆ ಅವು ಜೌಗಿಗೆ ಇಳಿಯುವಾಗ, ಹಕ್ಕಿ ಕಾಣುವ ಎಷ್ಟೋ ಮೊದಲೇ, ಆ ಗುರ್‌ಗುಟ್ಟುವ ಕೊಂಬಿನ ದನಿ ಕೇಳಿಸುತ್ತದೆ. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ; ಮೂರು ದಿನದಲ್ಲಿ ಅಂಥ ಹೊತ್ತು ಅದೊಂದೇ.

ಬೆಟ್ಟದ ದಿನ ಮಂಜು ಕವಿದು ಹೆಚ್ಚೇನೂ ಕಾಣಲಿಲ್ಲ. ಲೆವೆನ್‌ವರ್ತ್ ದಾಟಿದೊಡನೆ ಬರುವ ಟಮ್‌ವಾಟರ್ ಕಣಿವೆಯಲ್ಲಿ ಮಾತ್ರ ಬಹಳ ಹೊತ್ತು ನಿಂತೆವು. ಡಿಪ್ಪರ್ ಎಂಬ ಬೂದು ಹಕ್ಕಿ, ಮಡಿವಾಳಕ್ಕಿಂತ ತುಸು ದಪ್ಪ, ಬಂಡೆಯ ಮೇಲೆ ಬೈಠಕ್ ಹೊಡೆದಂತೆ ಕುಕ್ಕುತ್ತಾ ಇದ್ದದ್ದು ಹಾಗೇ ನಡೆದುಕೊಂಡು ನೀರಿನೊಳಗೆ ಹೋಯಿತು. ಹಿಮ ಕರಗಿ ಭೋರ್ಗರೆಯುವ ನದಿಯ ತಳದಲ್ಲಿ ನಡೆದು, ರೆಕ್ಕೆ ಬಡಿದು, ಹುಳು ಹಿಡಿದು ಹತ್ತಡಿ ಆಚೆ ಎದ್ದಿತು. ಉತ್ತರ ಅಮೆರಿಕದ ಹಾಡುಹಕ್ಕಿಗಳಲ್ಲಿ ಹೀಗೆ ನೀರಿನಲ್ಲಿ ಮುಳುಗಿ ಬದುಕುವುದು ಇದೊಂದೇ. ನೀರು ಶುದ್ಧವಾಗಿ, ರಭಸವಾಗಿ ಇಲ್ಲದ ಕಡೆ ಇದು ಇರುವುದಿಲ್ಲ.

4061 ಅಡಿ ಎತ್ತರದ ಸ್ಟೀವನ್ಸ್ ಪಾಸಿನಲ್ಲಿ ಕೆನಡ ಜೇ ನಮ್ಮ ಬುತ್ತಿಯ ಸುತ್ತಲೇ ಸುಳಿದಾಡಿತು. ಇನ್ನೂ ಮೇಲಿನ ಒಣ ದಿಣ್ಣೆಗಳಲ್ಲಿರುವ ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಬಗ್ಗೆ ಮಾರ್ಗದರ್ಶಿ ಹೇಳಿದರು. ವೈಟ್‌ಬಾರ್ಕ್ ಪೈನ್ ಮರದ ಕಾಯಿ ತಾನಾಗಿ ಬಿರಿಯುವುದಿಲ್ಲ. ಈ ಹಕ್ಕಿ ಕುಕ್ಕಿ ಬೀಜ ತೆಗೆದು, ನಾಲಿಗೆಯ ಕೆಳಗಿನ ಚೀಲದಲ್ಲಿ ತುಂಬಿಕೊಂಡು, ಒಂದು ಋತುವಿನಲ್ಲಿ ಹತ್ತಾರು ಸಾವಿರ ಬೀಜಗಳನ್ನು ಮಣ್ಣಿನಲ್ಲಿ ಬಚ್ಚಿಡುತ್ತದೆ. ಮತ್ತೆ ತಿನ್ನದೆ ಬಿಟ್ಟವುಗಳಿಂದ ಮರ ಹುಟ್ಟುತ್ತದೆ. ಆ ಮರ ರೋಗ ಮತ್ತು ಜೀರುಂಡೆಯಿಂದ ನಲುಗಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿ ಸೇರಿತು. ಅಂದಹಾಗೆ ಕ್ಲಾರ್ಕ್, ಸ್ಟೆಲ್ಲರ್, ವಾ ಇಂತಹ ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳಿಗೆ ಹೊಸ ಹೆಸರಿಡುವುದಾಗಿ ಅಮೆರಿಕದ ಪಕ್ಷಿಶಾಸ್ತ್ರ ಸಂಘ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕೂಗಿನಿಂದಲೇ ಟಿಟ್ಟಿಭ ಎಂದು ಹೆಸರಿಟ್ಟ ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ.

ಮೂರನೆಯ ದಿನ ಎವರೆಟ್. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಎಷ್ಟೋ ವರ್ಷ ನೋಡದೆ ಹೋದದ್ದನ್ನು ಅವತ್ತು ನೋಡಿದೆ. ಸ್ನೊಹೊಮಿಶ್ ನದಿ ಸಮುದ್ರ ಸೇರುವಲ್ಲಿ ಮರದ ದಿಮ್ಮಿಗಳ ವ್ಯಾಪಾರದ ಕಾಲದ ಹಳೆಯ ಕಂಬಗಳು ನೀರಿನಲ್ಲಿ ನಿಂತಿವೆ. ಅವುಗಳ ತಲೆಯ ಮೇಲೆ ಆಸ್ಪ್ರೆ ಎಂಬ ಮೀನುಗಿಡುಗಗಳ ಗೂಡು. ಇದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ಕಬಿನಿ ಹಿನ್ನೀರಿನಲ್ಲೂ ಕಾಣುತ್ತದೆ, ಆದರೆ ಅದು ಉತ್ತರ ಏಷ್ಯಾ ಕಡೆಯಿಂದ ಬರುವ ಬಳಗ. ಜಾರುವ ಮೀನು ಹಿಡಿಯಲು ಪಾದದಡಿ ಮುಳ್ಳಿನಂತಹ ಉಬ್ಬುಗಳು, ಹಿಂದಕ್ಕೂ ತಿರುಗುವ ಹೊರಬೆರಳು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಕುಸಿದಿದ್ದ ಇವುಗಳ ಸಂಖ್ಯೆ, 1972ರಲ್ಲಿ ಅದನ್ನು ನಿಷೇಧಿಸಿದ ಮೇಲೆ ಚೇತರಿಸಿತು. ಈಗಿನ ತೊಡಕು ಬೇರೆ. ಕ್ರಿಯೊಸೋಟ್ ಎಂಬ ಡಾಂಬರಿನಂತಹ ಎಣ್ಣೆ ಬಳಿದ ಹಳೆಯ ಕಂಬಗಳು ನೀರಿಗೆ ವಿಷ, ಅವನ್ನು ಪ್ಯುಜೆಟ್ ಸೌಂಡ್‌ನ ಹಲವೆಡೆ ಕಿತ್ತು ತೆಗೆಯುತ್ತಿದ್ದಾರೆ. ಕಂಬ ಹೋದರೆ ಗೂಡಿಗೆ ಜಾಗವೆಲ್ಲಿ? ಮೀನಿನ ಹಿತವೂ ಮೀನುಗಿಡುಗನ ಹಿತವೂ ಇಲ್ಲಿ ಎದುರುಬದುರಾಗಿ ನಿಂತಿವೆ.

ಎದುರಿಗಿರುವ ಜೆಟ್ಟಿ ದ್ವೀಪ, ಮಕ್ಕಳನ್ನು ಬೇಸಿಗೆಯಲ್ಲಿ ಆಡಿಸಲು ಕರೆದುಕೊಂಡು ಹೋಗುತ್ತೇವಲ್ಲ, ಅದು ನಿಸರ್ಗದ ದ್ವೀಪವಲ್ಲ. 1890ರ ದಶಕದಲ್ಲಿ ಬಂದರಿಗಾಗಿ ಕಟ್ಟತೊಡಗಿದ ಒಡ್ಡು, ಆಮೇಲೆ ನದಿಯಿಂದ ಬಗೆದು ಸುರಿದ ಮರಳು, ಇವೆರಡರಿಂದ ಆದದ್ದು. ಸುಮಾರು ಎರಡು ಮೈಲಿ ಉದ್ದದ ಆ ದಿಬ್ಬದ ಅಂಚಿನ ಕೆಸರಿನಲ್ಲಿ ಡನ್‌ಲಿನ್ ಎಂಬ ಉಲ್ಲಂಕಿಗಳ ಗುಂಪು ಒಂದೇ ಬಟ್ಟೆ ಕೊಡವಿದಂತೆ ಹಾರಿ ಹೊರಳಿತು.

ಹತ್ತಿರದ ಮೇರಿಸ್‌ವಿಲ್‌ನಲ್ಲಿ ಇನ್ನೂ ಕುತೂಹಲದ ಜಾಗವಿದೆ. ಸಮುದ್ರದ ಉಬ್ಬರ ಬರದಂತೆ ಹಿಂದಿನ ರೈತರು ಕಟ್ಟಿದ್ದ ಏರಿಯನ್ನು 2015ರ ಆಗಸ್ಟ್‌ನಲ್ಲಿ ಬೇಕೆಂದೇ ಒಡೆದರು. ಟುಲೇಲಿಪ್ ಮೂಲನಿವಾಸಿಗಳ ಮುಂದಾಳತ್ವದಲ್ಲಿ ನಡೆದ ಈ ಕೆಲಸಕ್ಕೆ ಅವರ ಭಾಷೆಯಲ್ಲಿ ಜೌಗು ಎಂಬ ಅರ್ಥದ ‘ಕ್ವುಲೂಲ್ಟ್’ ಎಂದು ಹೆಸರು. ಉಪ್ಪುನೀರು ಒಳಬಂದು, ಸಾಲ್ಮನ್ ಮರಿಗಳಿಗೆ ನೆಲೆಯಾಗಿ, ಅವುಗಳ ಹಿಂದೆ ಹಕ್ಕಿಗಳೂ ಬಂದವು. ಕುಮಟಾದ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಉಳಿದ ಕಾಲಕ್ಕೆ ಸಿಗಡಿ ಮೀನು. ಅಲ್ಲಿ ಏರಿಗೆ ಬಾಗಿಲಿಟ್ಟು ಸಮುದ್ರದೊಂದಿಗೆ ರಾಜಿ ಮಾಡಿಕೊಂಡಿದ್ದರು. ಇಲ್ಲಿ ನೂರು ವರ್ಷ ಬಾಗಿಲು ಮುಚ್ಚಿ, ಆಮೇಲೆ ಗೋಡೆಯನ್ನೇ ಕೆಡವಿದರು.

ಆ ಪ್ರವಾಸದಲ್ಲಿ ಸಿಗದ ಒಂದು ನೋಟವನ್ನು ಸೆಪ್ಟೆಂಬರ್‌ನಲ್ಲಿ ಮನೆಯವರೆಲ್ಲ ಹೋಗಿ ನೋಡಿದೆವು. ಎರಡನೇ ಹೆದ್ದಾರಿಯ ಮೇಲೇ ಇರುವ ಮನ್ರೋ ಊರಿನ ಫ್ರ್ಯಾಂಕ್ ವ್ಯಾಗ್ನರ್ ಶಾಲೆಯಲ್ಲಿ 1939ರ ಇಟ್ಟಿಗೆ ಚಿಮಣಿಯೊಂದಿದೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಹೊರಟ ವಾ ಬಾನಾಡಿಗಳು ರಾತ್ರಿ ಅದರೊಳಗೆ ತಂಗುತ್ತವೆ. ಬಾನಾಡಿಗೆ ಕೊಂಬೆಯ ಮೇಲೆ ಕೂರಲು ಬಾರದು, ಒರಟು ಗೋಡೆಗೆ ಉಗುರು ಸಿಕ್ಕಿಸಿ ಜೋತುಬೀಳಬೇಕು. ಹಿಂದೆ ಕಾಡಿನ ಪೊಳ್ಳು ಮರಗಳಿದ್ದವು, ಅವನ್ನು ಕಡಿದ ಮೇಲೆ ಚಿಮಣಿ. ಭೂಕಂಪದ ಭಯದಿಂದ ಇದನ್ನೂ ಕೆಡವುವ ಮಾತು ಬಂದಾಗ ಪಿಲ್ಚಕ್ ಆಡುಬಾನ್ ಸಂಘದವರೂ ಇತರರೂ ಸೇರಿ ಉಳಿಸಿಕೊಂಡರು. ಒಂದೇ ಸಂಜೆ ಹತ್ತು ಸಾವಿರ ದಾಟಿ ಎಣಿಸಿದ ದಿನಗಳಿವೆ.

ಹೋಗುವವರು ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ತಲುಪಿ, ಶಾಲೆಯ ಹುಲ್ಲಿನ ಮೇಲೆ ಜಮಖಾನ ಹಾಸಿಕೊಳ್ಳಿ. ಒಂದು ಸ್ವೆಟರ್, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಮೊದಲು ನಾಲ್ಕು ಹಕ್ಕಿ, ಆಮೇಲೆ ನಾನೂರು. ಸುತ್ತು ಕಟ್ಟಿ ತಿರುಗುತ್ತಾ, ಒಮ್ಮೆಗೇ ಬಾಲ ಕೆಳಗೆ ಮಾಡಿ ಹೊಗೆ ತಿರುಗಿ ಚಿಮಣಿಗೇ ಸೇದಿಹೋದಂತೆ ಇಳಿಯುತ್ತವೆ. ನಾವು ಹೋದ ದಿನ ಎಲ್ಲ ಒಳಗೆ ಹೋದವು ಎಂದು ಜನ ಎದ್ದು ಜಮಖಾನ ಮಡಚುತ್ತಿದ್ದಾಗ, ಕತ್ತಲಲ್ಲಿ ತಡವಾಗಿ ಬಂದ ಇನ್ನೊಂದು ಎರಡು ಸುತ್ತು ಹಾಕಿ ಇಳಿಯಿತು.